ತಾಯಿ–ಮಗು: ಊಟದ ಹೊತ್ತಿನ ನಾಲ್ಕು ಮಾತು

ಮನೆಮಂದಿಗೆಲ್ಲ ಬಡಿಸಿ, ಎಲ್ಲರೂ ಎದ್ದ ಮೇಲೆ ಉಳಿದದ್ದನ್ನು ಒಲೆಯ ಮುಂದೆ ಕುಳಿತು ಉಣ್ಣುವುದು ನಮ್ಮ ಹೆಣ್ಣುಮಕ್ಕಳಿಗೆ ರೂಢಿಯಾಗಿಬಿಟ್ಟಿದೆ. ಬಸುರಿಯಾದರೂ ಅಷ್ಟೆ, ಬಾಣಂತಿಯಾದರೂ ಅಷ್ಟೆ. ಈ ರೂಢಿಯನ್ನು ಸ್ವಲ್ಪವಾದರೂ ಅಲುಗಾಡಿಸಿದ್ದು 2017ರ ಅಕ್ಟೋಬರ್ 2ರಂದು ರಾಜ್ಯದ ತುಂಬ ಶುರುವಾದ ‘ಮಾತೃಪೂರ್ಣ’ ಯೋಜನೆ. ಬಸುರಿಯರೂ, ಹೆರಿಗೆಯಾಗಿ ಆರು ತಿಂಗಳು ತುಂಬದ ತಾಯಂದಿರೂ ಊರಿನ ಅಂಗನವಾಡಿಗೆ ಬಂದು ನಾಲ್ಕು ಜನರ ಜೊತೆ ಕುಳಿತು ಬಿಸಿಯೂಟ ಉಣ್ಣಬೇಕು, ಉಂಡ ಮೇಲೆ ಕಬ್ಬಿಣಾಂಶದ ಮಾತ್ರೆ ನುಂಗಬೇಕು ಎಂಬುದು ಅದರ ಏರ್ಪಾಡು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸೀಮೆಯಲ್ಲಿ ನೀವಿದ್ದರೆ ಒಂದು ಮಾತು ಯೋಚಿಸಿ. ಅನ್ನ ಬೇಯುವ ತನಕ, ಉಂಡ ಮೇಲೆ ಎದ್ದು ಹೋಗುವ ತನಕ ಅಲ್ಲಿ ಅರ್ಧ ತಾಸು ಸುಮ್ಮನೆ ಸಿಗುತ್ತದೆ. ಆ ಅರ್ಧ ತಾಸನ್ನು ಏನು ಮಾಡುತ್ತೇವೆ? ತಾಯಂದಿರೂ ಅಂಗನವಾಡಿಯ ಅಕ್ಕಾರೂ ಕೂಡಿ ಅದನ್ನೊಂದು ಪುಟ್ಟ ಪಾಠಶಾಲೆ ಮಾಡಿಕೊಳ್ಳಬಹುದು. ನಾನು ಇಂದು ಹೇಳಹೊರಟದ್ದು ಇದನ್ನೇ.

ಏಕೆ ಎನ್ನುತ್ತೀರಾ? ಅಂಗನವಾಡಿಗಳನ್ನು ನಡೆಸುವ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ಪ್ರಾರಂಭವಾದದ್ದು 1975ರ ಅಕ್ಟೋಬರ್ 2ರಂದು. ನಮ್ಮ ರಾಜ್ಯದಲ್ಲಿ ಮೊದಲು ತಿ. ನರಸೀಪುರದಲ್ಲಿ. ಅಲ್ಲಿನ ಆಟ–ಪಾಠವೆಲ್ಲ ಮೂರರಿಂದ ಆರು ವರ್ಷದ ಮಕ್ಕಳಿಗೆ. ಮೂರು ತುಂಬದ ಕೂಸಿಗೆ ಆಹಾರದ ಪೊಟ್ಟಣ ಮನೆಗೆ ಹೋಗುತ್ತದೆ, ತೂಕ ನೋಡುತ್ತಾರೆ, ಲಸಿಕೆ ಆಗುತ್ತದೆ. ಆದರೆ ಪಾಠ? ಮಗುವಿನ ಮಿದುಳು ಮೂರು ವರ್ಷ ತುಂಬುವಷ್ಟರಲ್ಲೇ ದೊಡ್ಡವರ ಮಿದುಳಿನ ಗಾತ್ರದಲ್ಲಿ ನೂರಕ್ಕೆ ಎಂಬತ್ತರಷ್ಟು ಬೆಳೆದಿರುತ್ತದೆ. ಮೂರರ ಮೇಲೂ ಮಗು ಕಲಿಯುತ್ತದೆ, ಸಂಶಯವಿಲ್ಲ. ಆದರೆ ಹದ ಇದ್ದಾಗಲೇ ಬಿತ್ತಬೇಕೆಂಬುದನ್ನು ಎರೆಹೊಲದ ಒಕ್ಕಲುಮಕ್ಕಳಿಗೆ ಹೊರಗಿನವರು ಹೇಳಿಕೊಡಬೇಕೆ? ಆ ಹದದ ಕಾಲದಲ್ಲಿ ಕೂಸಿಗೆ ಇರುವ ಗುರು ತಾಯಿ ಒಬ್ಬಳೇ. ಆಕೆಗೆ ಹೇಳಿಕೊಡುವ ಹೊತ್ತು ಈ ಊಟದ ಹೊತ್ತು.

“ಹಾಲ್ಗೂಸಿಗಿ ಏನ್ ತಿಳೀತೈತ್ರೀ ಅಕ್ಕಾರ?” ಎಂದು ಕೇಳುವವರಿದ್ದಾರೆ. ತಿಳಿಯುತ್ತದೆ, ತಾಯಿ. ದೂರದ ಜಮೈಕಾ ದ್ವೀಪದಲ್ಲಿ 1986–87ರಲ್ಲಿ ಒಂದು ಪ್ರಯೋಗ ಶುರುವಾಯಿತು. ಬಡತನದಿಂದ ಬೆಳವಣಿಗೆ ಕುಂಠಿತವಾಗಿದ್ದ 129 ಮಕ್ಕಳನ್ನು ಆರಿಸಿ, ಕೆಲವರಿಗೆ ಪೌಷ್ಟಿಕ ಆಹಾರ ಕೊಟ್ಟರು. ಕೆಲವರ ಮನೆಗೆ ವಾರಕ್ಕೊಮ್ಮೆ ಆರೋಗ್ಯ ಕಾರ್ಯಕರ್ತೆ ಹೋಗಿ, ಮಗುವಿನೊಡನೆ ಆಡುವುದು ಹೇಗೆ, ಮಾತಾಡುವುದು ಹೇಗೆ ಎಂದು ತಾಯಿಗೆ ತೋರಿಸಿಕೊಟ್ಟಳು. ಆಟಿಕೆಗಳೆಲ್ಲ ಮನೆಯ ಹಳೆ ಡಬ್ಬಿ–ಬಾಟಲಿಯವೇ. ಎರಡು ವರ್ಷ ಇಷ್ಟೇ. ಇಪ್ಪತ್ತು ವರ್ಷದ ನಂತರ ನೋಡಿದರೆ, ಆಟ–ಮಾತು ಸಿಕ್ಕ ಮಕ್ಕಳ ಗಳಿಕೆ ಸಿಗದವರಿಗಿಂತ ನೂರಕ್ಕೆ 25ರಷ್ಟು ಹೆಚ್ಚಿತ್ತು. ಬರೀ ಆಹಾರ ಕೊಟ್ಟವರಲ್ಲಿ ಅಂಥ ದೀರ್ಘ ಫಲ ಕಾಣಲಿಲ್ಲ. ಅನ್ನ ಬೇಕೇ ಬೇಕು; ಆದರೆ ಅನ್ನವೊಂದೇ ಸಾಲದು.

ನಮಗಿದು ಹೊಸತೂ ಅಲ್ಲ. ಆಗ ಇಂಡಿ ತಾಲ್ಲೂಕಿನಲ್ಲಿದ್ದ ಹಲಸಂಗಿಯ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಬೀಸುಕಲ್ಲಿನ ಮುಂದೆ, ತೊಟ್ಟಿಲ ಬಳಿ ಕೂಸಿನ ಮೇಲೆ ಹಾಡು ಕಟ್ಟಿದ ತಾಯಂದಿರು ಅಕ್ಷರ ಬಲ್ಲವರಾಗಿರಲಿಲ್ಲ. ಬೀಸುಕಲ್ಲು ಹೋಯಿತು, ಗಿರಣಿ ಬಂತು. ಹಾಡು ಮಾತ್ರ ಯಾಕೆ ಹೋಗಬೇಕು?

ಇನ್ನು, ಊಟದ ಹೊತ್ತಿಗೆ ಏನೇನು ಮಾತಾಡಬಹುದು? ವಾರಕ್ಕೊಂದು ವಿಷಯ ಹಿಡಿದರೆ ಸಾಕು.

ಮೊದಲನೆಯದು, ಕೂಸಿನೊಡನೆ ಮಾತು. ಕೂಸು “ಊಂ” ಎಂದರೆ ನೀವೂ “ಊಂ” ಎನ್ನಿ, ಕಣ್ಣಲ್ಲಿ ಕಣ್ಣಿಟ್ಟು ನಗಿ, ಅದು ಮತ್ತೆ ಉಲಿಯುವ ತನಕ ಕಾಯಿರಿ. ನೀರು ಹಾಕುವಾಗ, ರೊಟ್ಟಿ ಬಡಿಯುವಾಗ ಮಾಡುತ್ತಿರುವುದನ್ನೇ ಅದಕ್ಕೆ ಹೇಳಿ. ಉಣ್ಣಿಸುವಾಗ ಮೊಬೈಲ್ ತೋರಿಸುವ ಚಾಳಿ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ಹೇಳಿದೆ.

ಎರಡನೆಯದು, ಆಟ. ಅಂಗಡಿಯ ಆಟಿಕೆ ಬೇಕಿಲ್ಲ. ಮುಚ್ಚಳ ಬಿಗಿದ ಡಬ್ಬಿಯಲ್ಲಿ ನಾಲ್ಕು ಕಾಳು ಹಾಕಿದರೆ ಗಿಲಕಿ. ಹಳೆ ಸೀರೆಯ ಚೂರಿನಿಂದ ಬಟ್ಟೆಯ ಚೆಂಡು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಕೈಗೆ ಮಕ್ಕಳಾಟಿಕೆ ಕಷ್ಟವೆ?

ಮೂರನೆಯದು, ಊಟ. ಆರು ತಿಂಗಳು ತುಂಬುವ ತನಕ ಎದೆಹಾಲು ಮಾತ್ರ. ನೀರೂ ಬೇಡ, ಜೇನೂ ಬೇಡ. ಜೇನನ್ನಂತೂ ವರ್ಷ ತುಂಬುವ ತನಕ ನೆಕ್ಕಿಸಬಾರದು. ಆರು ತುಂಬಿದ ಮೇಲೆ ಎದೆಹಾಲಿನ ಜೊತೆ ದಿನಕ್ಕೆ ಎರಡು–ಮೂರು ಸಲ, ಒಂಬತ್ತರ ಮೇಲೆ ಮೂರು–ನಾಲ್ಕು ಸಲ ಮೆತ್ತನೆಯ ಊಟ. ಎರಡು ಹಿಡಿ ಜೋಳದ ನುಚ್ಚು, ಒಂದು ಹಿಡಿ ಹೆಸರುಬೇಳೆ ಹುರಿದು, ಎಳೆಯ ಸೊಪ್ಪು ಹಾಕಿ ಮೆತ್ತಗೆ ಬೇಯಿಸಿ, ಚೆನ್ನಾಗಿ ಮಸೆದು, ಒಂದು ಚಮಚ ತುಪ್ಪ ಬಿಡಿ. ಚಮಚದಿಂದ ಜಾರಿ ಹೋಗದಷ್ಟು ಗಟ್ಟಿಯಿರಲಿ. ನೀರು ನೀರಾದ ಗಂಜಿಯಲ್ಲಿ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಇಡಿ ಶೇಂಗಾ ಕೊಟ್ಟರೆ ಗಂಟಲಿಗೆ ಸಿಕ್ಕೀತು, ಜೋಕೆ. ತಾಯಂದಿರೇ, ನಿಮ್ಮ ಸಾರಿಗೂ ಇಂಡಿಯ ನಿಂಬೆಯ ನಾಲ್ಕು ಹನಿ ಹಿಂಡಿಕೊಳ್ಳಿ. ಕಬ್ಬಿಣಾಂಶ ಮೈಗೆ ಹತ್ತುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಹತ್ತುವುದಿಲ್ಲ.

ನಾಲ್ಕನೆಯದು, ಬೆಳವಣಿಗೆಯ ಗುರುತು. ಎರಡು ತಿಂಗಳಿಗೆ ಮುಖ ನೋಡಿ ನಗು, ನಾಲ್ಕಕ್ಕೆ ಕತ್ತು ನಿಲ್ಲುವುದು, ಒಂಬತ್ತಕ್ಕೆ ಆಸರೆಯಿಲ್ಲದೆ ಕೂಡುವುದು, ಒಂದೂವರೆ ವರ್ಷಕ್ಕೆ ನಡಿಗೆ, ಎರಡಕ್ಕೆ “ಅವ್ವಾ ಬಾ” ಎಂಬಂಥ ಎರಡು ಪದ. ಮಕ್ಕಳಲ್ಲಿ ನಾಲ್ಕು ದಿನ ಹಿಂದುಮುಂದು ಇದ್ದದ್ದೇ. ಆದರೆ ಬಹಳ ತಡವಾದರೆ, ಸದ್ದಿಗೆ ಕೂಸು ತಿರುಗದಿದ್ದರೆ, “ದೃಷ್ಟಿ ತಾಕೈತಿ, ಮುಂದ ಸರಿ ಹೋಗತೈತಿ” ಎಂದು ಕೂಡಬೇಡಿ. ಕಿವಿಯ ದೋಷ ಬೇಗ ತಿಳಿದಷ್ಟೂ ಮಾತು ಬರಿಸುವುದು ಸುಲಭ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕೆಂಬ ನಿಯಮವಿದೆ. ಆ ದಿನ ತಪ್ಪಿಸಬೇಡಿ.

ಕಾರ್ಯಕರ್ತೆ ಸೋದರಿಯರೇ, ನಿಮ್ಮ ಕೈತುಂಬ ರಿಜಿಸ್ಟರುಗಳಿವೆ, ಬಲ್ಲೆ. ಇದು ಭಾಷಣವಾಗಬೇಕಿಲ್ಲ. ಒಂದು ಪ್ರಶ್ನೆ ಕೇಳಿ ಬಿಟ್ಟರೆ ಸಾಕು, ತಾಯಂದಿರೇ ಮಾತಾಡುತ್ತಾರೆ. ತಿಂಗಳಿಗೊಮ್ಮೆ ಅತ್ತೆಯರನ್ನೂ ಕರೆಯಿರಿ. “ಸೊಸಿ ಊರ ಮುಂದ ಕುಂತು ಉಣ್ಣೂದೇನು” ಎನ್ನುವ ಅತ್ತೆ ಒಪ್ಪದೆ ಸೊಸೆ ಹೊಸ್ತಿಲು ದಾಟುವುದಿಲ್ಲ. ಜೋಗುಳ ಬಲ್ಲವಳೂ ಆ ಅತ್ತೆಯೇ. ಆಕೆಯಿಂದ ಒಂದು ಹಾಡು ಹೇಳಿಸಿ ನೋಡಿ, ಮರುದಿನ ತಾನೇ ಸೊಸೆಯನ್ನು ಕರೆತಂದಾಳು.

ಕೊನೆಗೊಂದು ಮಾತು. ಮಳೆ ಕೈಕೊಟ್ಟ ವರ್ಷ ಈ ಕಡೆಯಿಂದ ಎಷ್ಟೋ ಸಂಸಾರಗಳು ಮಹಾರಾಷ್ಟ್ರ, ಗೋವೆಗೆ ದುಡಿಯಲು ಗುಳೆ ಹೋಗುತ್ತವೆ. ಕಂಕುಳಲ್ಲಿ ಕೂಸೂ ಹೋಗುತ್ತದೆ. ಹೋಗುವ ಮುಂಚೆ ಅಕ್ಕಾರಿಗೆ ತಿಳಿಸಿ. ಅವರ ಕೈಯಲ್ಲಿರುವ ‘ಪೋಷಣ್ ಟ್ರ್ಯಾಕರ್’ನಲ್ಲಿ ನಿಮ್ಮ ಹೆಸರನ್ನು ಬೇರೆ ಊರಿನ ಅಂಗನವಾಡಿಗೆ ವರ್ಗಾಯಿಸಲು ಅವಕಾಶವಿದೆ. ತಾಯಿ ಕಾರ್ಡನ್ನು ಗಂಟಿನಲ್ಲಿ ಕಟ್ಟಿಕೊಳ್ಳಿ. ಕಬ್ಬಿನ ಹೊಲದ ಬದುವಿನಲ್ಲಿ ತೊಟ್ಟಿಲು ಸಿಗಲಿಕ್ಕಿಲ್ಲ, ಸೀರೆಯ ಜೋಳಿಗೆಯೇ ಗತಿಯಾದೀತು. ಆದರೂ ಬಗ್ಗಿ ಕೂಸಿನ ಮುಖ ನೋಡಿ ನಾಲ್ಕು ಮಾತಾಡಲು ಯಾರ ಅಪ್ಪಣೆಯೂ ಬೇಡ, ಕಾಸೂ ಬೇಡ. ಅಷ್ಟನ್ನು ಮಾತ್ರ ಯಾವ ಊರಿಗೆ ಹೋದರೂ ಬಿಡಬೇಡಿ.