“ಹೋದಲಿಲ್ಲ” ಎಂದು ಯಾರು ಹೇಳುತ್ತಾರೆ?

ಸೊರಬದ ಕಡೆಯ ಹುಡುಗನೊಬ್ಬ ಕೆಲವು ತಿಂಗಳು ನಮ್ಮ ಮನೆಯ ಜಗಲಿಗೆ ಇಂಗ್ಲಿಷ್ ಕಲಿಯಲು ಬರುತ್ತಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ಉಳಿದ ವಿಷಯಗಳೆಲ್ಲ ಪಾಸು, ಇಂಗ್ಲಿಷ್ ಒಂದರಲ್ಲಿ ಎರಡು ಸಲ ನಪಾಸು. ಒಂದು ದಿನ ತಪ್ಪಿಸಿಕೊಂಡ. ಮಾರನೆಯ ದಿನ “ನಿನ್ನೆ ಯಾಕೋ ಬರಲಿಲ್ಲ?” ಎಂದೆ. “ಹಸು ಈದಿತ್ತು ಸಾರ್, ಬರಕ್ಕಾಗ್ಲಿಲ್ಲ” ಎಂದ. ಬರಲಿಲ್ಲ ಎಂಬುದಿಷ್ಟನ್ನು ಇಂಗ್ಲಿಷಿನಲ್ಲಿ ಹೇಳು ಎಂದೆ. ಬಾಯಿ ಕಟ್ಟಿತು. ಬಹಳ ಹೊತ್ತಿನ ಮೇಲೆ “ಐ ಡಿಡ್ ನಾಟ್ ಕೇಮ್” ಎಂದ.

ಅವನ ಚೀಲದಲ್ಲಿ ಶಿಕಾರಿಪುರದಿಂದ ಕೊಂಡು ತಂದ ಒಂದು ಪಟ್ಟಿ ಇತ್ತು. ಅಡ್ಡಕ್ಕೆ ಮೂರು ಕಾಲ, ಉದ್ದಕ್ಕೆ ನಾಲ್ಕು ಬಗೆ, ಒಟ್ಟು ಹನ್ನೆರಡು ಮನೆ. ಅದನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದ. ನನ್ನ ಜಗಳ ಈ ಪಟ್ಟಿಯ ಜೊತೆ, ಅದನ್ನೇ ವ್ಯಾಕರಣವೆಂದು ತಿಳಿದ ಮೇಷ್ಟ್ರುಗಳ ಜೊತೆ. ನಾನೂ ಎಷ್ಟೋ ವರ್ಷ ಹಾಗೇ ಕಲಿಸಿದವನು. ಬೈಗುಳದಲ್ಲಿ ನನಗೂ ಪಾಲಿದೆ.

ಇಂಗ್ಲಿಷ್ ಕ್ರಿಯಾಪದ ತನ್ನ ರೂಪದಿಂದಲೇ ತೋರಿಸುವ ಕಾಲ ಎರಡೇ: ಗೋ, ವೆಂಟ್. ಮುಂದಿನದನ್ನು ಹೇಳಲು ಅದು ‘ವಿಲ್’ನಂಥ ಊರುಗೋಲು ಹಿಡಿಯುತ್ತದೆ. ನಮ್ಮ ಆಡುಮಾತೂ ಹೆಚ್ಚುಕಡಿಮೆ ಹೀಗೇ. ‘ದಿನಾ ಬರ್ತೀನಿ’, ‘ನಾಳೆ ಬರ್ತೀನಿ’, ರೂಪ ಒಂದೇ. ‘ಬರುವೆನು’ ಪುಸ್ತಕದಲ್ಲಿದೆ, ಸಂತೆಯಲ್ಲಿಲ್ಲ. ಇನ್ನು ‘ಬಸ್ಸು ಹೋಗುತ್ತೆ’, ‘ಬಸ್ಸು ಹೋಗ್ತಾ ಇದೆ’ ಎಂಬ ಮಾತುಗಳ ಅಂತರ ಯಾವ ಮಗುವಿಗೆ ತಿಳಿಯದು? ‘ಗೋಸ್’, ‘ಈಸ್ ಗೋಯಿಂಗ್’ ಎಂದರೆ ಅಷ್ಟೇ.

ಹುಡುಗನ ‘ಡಿಡ್ ನಾಟ್ ಕೇಮ್’ಗೆ ಬರೋಣ. ‘ಬಂದೆ’ ಎನ್ನುವವನು ಇಲ್ಲವೆನ್ನುವಾಗ ‘ಬಂದಲಿಲ್ಲ’ ಎನ್ನುತ್ತಾನೆಯೆ? ‘ಬರಲಿಲ್ಲ’ ಎನ್ನುತ್ತಾನೆ. ‘ಹೋದೆ’ ಎಂಬುದು ‘ಹೋಗಲಿಲ್ಲ’ ಆಗುತ್ತದೆ. ಕಳೆದ ಕಾಲದ ಹೊರೆಯನ್ನು ಬಾಲದ ‘ಅಲಿಲ್ಲ’ ಹೊತ್ತುಕೊಂಡಿತು. ಕ್ರಿಯಾಪದ ಹೊರೆ ಇಳಿಸಿ ಹಳೆಯ ರೂಪಕ್ಕೆ ಮರಳಿತು. ಇಂಗ್ಲಿಷಿನಲ್ಲಿ ಆ ಹೊರೆ ‘ಡಿಡ್’ನ ತಲೆಯ ಮೇಲೆ. ಇಷ್ಟು ಹೇಳಿದ್ದೇ ತಡ ಹುಡುಗ “ಹೋದಲಿಲ್ಲ, ತಿಂದಲಿಲ್ಲ” ಎಂದು ತಾನೇ ಆಡಿಕೊಂಡು ನಕ್ಕ. ಆ ತಪ್ಪು ಮತ್ತೆ ಮಾಡಲಿಲ್ಲ. ಹನ್ನೆರಡು ಮನೆ ಸುತ್ತಿದರೂ ಸಿಗದಿದ್ದದ್ದು ಅವನ ಬಾಯಲ್ಲೇ ಇತ್ತು.

ಎಲ್ಲವೂ ಹೀಗೆ ಹೊಂದುತ್ತದೆಂದು ನಾನು ಹೇಳಲಾರೆ. ಅವ್ವ ಕರೆದರೆ ಕೂತಲ್ಲಿಂದಲೇ ‘ಬಂದೆ’ ಎನ್ನುತ್ತೇವೆ. ‘ಐ ಕೇಮ್’ ಎನ್ನಬೇಕಾದರೆ ಬಂದಾಗಿರಬೇಕು. ಒದ್ದೆ ಅಂಗಳ ನೋಡಿ ‘ನಿನ್ನೆ ಮಳೆ ಬಂದಿದೆ’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಇಂಥ ‘ಹ್ಯಾಸ್’ ಇರುವ ವಾಕ್ಯಕ್ಕೆ ‘ಯೆಸ್ಟರ್ಡೇ’ ಒಗ್ಗುವುದಿಲ್ಲ. ನಮ್ಮ ಮಕ್ಕಳು ಎಡವುವುದು ಇಂಥಲ್ಲಿ. ಕಲ್ಲು ಎಲ್ಲಿದೆಯೆಂದು ಪಟ್ಟಿ ಹೇಳುವುದಿಲ್ಲ, ಏಕೆಂದರೆ ಅದನ್ನು ಬರೆದವನ ಮುಂದೆ ಕನ್ನಡದ ಹುಡುಗ ಇರಲೇ ಇಲ್ಲ.

ಕನ್ನಡದಲ್ಲಿ ವಿವರಿಸಿದರೆ ಇಂಗ್ಲಿಷ್ ಕೆಡುತ್ತದೆ ಎನ್ನುವವರಿದ್ದಾರೆ. ಅವರು ಒಮ್ಮೆ ಬಳ್ಳಿಗಾವೆಗೆ ಹೋಗಿ ಬರಲಿ. ಇದೇ ಶಿಕಾರಿಪುರ ತಾಲ್ಲೂಕು. ಅಲ್ಲಿನ ಕೋಡಿಯ ಮಠದಲ್ಲಿ ಕೌಮಾರ, ಪಾಣಿನೀಯ, ಶಾಕಟಾಯನ ಮುಂತಾದ ವ್ಯಾಕರಣಗಳಿಗೆ ವ್ಯಾಖ್ಯಾನ ನಡೆಯುತ್ತಿತ್ತೆಂದು 1162ರ ಶಾಸನ ಹೇಳುತ್ತದೆ. ಒಂದೇ ಸೂರಿನಡಿ ಹಲವು ವ್ಯಾಕರಣ! ನಮಗೆ ಎರಡನ್ನು ಪಕ್ಕಪಕ್ಕ ಇಡಲು ಮೈಲಿಗೆ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ. ಎನ್. ಶಂಕರ ಭಟ್ಟರು ಪುಸ್ತಕವನ್ನೇ ಬರೆದರು. ಆ ಬೆಳಕು ಇಂಗ್ಲಿಷ್ ಪಾಠದ ಕೋಣೆಗೆ ತಲುಪಲಿಲ್ಲ. 2007ರಲ್ಲಿ ಸರ್ಕಾರ ಇಂಗ್ಲಿಷನ್ನು ಒಂದನೇ ತರಗತಿಗೇ ತಂದಿತು. ಎಷ್ಟು ಬೇಗ ಎಂಬುದಕ್ಕೆ ನಡೆದಷ್ಟು ಜಗಳ ಹೇಗೆ ಎಂಬುದಕ್ಕೆ ನಡೆಯಲಿಲ್ಲ.

ಆ ಹುಡುಗ ಮೂರನೆಯ ಸಲ ಪರೀಕ್ಷೆಗೆ ಕೂರಲಿಲ್ಲ. ಮನೆಯವರು ಅಷ್ಟರಲ್ಲಿ ಗದ್ದೆ ಕೆಲಸಕ್ಕೆ ಹಚ್ಚಿದ್ದರು. ಮೊನ್ನೆ ಶಿರಾಳಕೊಪ್ಪದಲ್ಲಿ ಸಿಕ್ಕಿದ. “ಸೊರಬದ ಬಸ್ಸು ಹೋಯ್ತೇನೋ?” ಎಂದೆ. “ಇನ್ನೂ ಹೋಗಿಲ್ಲ ಸಾರ್, ಬಂತು ನೋಡಿ” ಎಂದ. ಬಸ್ಸು ಇನ್ನೂ ತಿರುವಿನಲ್ಲಿತ್ತು.