ಈ ಲೆಕ್ಕ ಕನ್ನಡದಾಗೂ ಕೂಡ್ತದೆ

"ಹತ್ತನೇ ಕ್ಲಾಸಿನ ತನಕ ಕನ್ನಡ ಸಾಕಪ್ಪ, ಆಮೇಲೆ ಸೈನ್ಸು ಕನ್ನಡದಾಗೆ ನಡೆಯಲ್ಲ." ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರೂ ಈ ಮಾತು ಹೇಳ್ತಾರೆ, ಮಡಕಶಿರಾದಲ್ಲಿ ಪಾಠ ಮಾಡುವವರೂ ಹೇಳ್ತಾರೆ. ಹೇಳಿ ಹೇಳಿ ಅದು ಗಾದೆಯೇ ಆಗಿಬಿಟ್ಟಿದೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅಂತಾರಲ್ಲ, ಈ ಗಾದೆ ಮಾತ್ರ ಸುಳ್ಳು.

ಸುಳ್ಳು ಅಂತ ಬಾಯಲ್ಲಿ ಅಂದರೆ ಸಾಲದು, ತೋರಿಸಬೇಕು. ಅದಕ್ಕೇ ಮಳೆ, ಬೆಳೆ, ಆರೋಗ್ಯದಂಥ ಸುಲಭದ ವಿಷಯ ಬಿಟ್ಟು, ಇಂಗ್ಲಿಷಿನಲ್ಲೇ ತಲೆ ತಿರುಗಿಸುವ ವಿಷಯವೊಂದನ್ನು ಎತ್ತಿಕೊಂಡಿದ್ದೇನೆ. ಎರಡು ಪ್ರೋಟಾನುಗಳು ಭಾರಿ ವೇಗದಲ್ಲಿ ಡಿಕ್ಕಿ ಹೊಡೆದರೆ ಅಲ್ಲಿಂದ ನೂರಾರು ಹೊಸ ಕಣಗಳು ಹುಟ್ಟುತ್ತವೆ. ಯಾವುವು, ಎಷ್ಟು ಹುಟ್ಟುತ್ತವೆ ಅಂತ ಮೊದಲೇ ಲೆಕ್ಕ ಹಾಕೋದು ಹೇಗೆ? ಇದೇ ಪ್ರಶ್ನೆ.

ಇದು ಜಿನೀವಾದ ದೊಡ್ಡೋರ ಆಟ, ನಮಗೇನು ಸಂಬಂಧ ಅನ್ನೋರು ಮೊದಲು ತಲೆ ಎತ್ತಿ ನೋಡಲಿ. ಈ ಡಿಕ್ಕಿ ನಮ್ಮ ಹೊಲದ ಮೇಲೆ ಹಗಲೂ ರಾತ್ರಿ ನಡೀತಾ ಐತೆ. ಆಕಾಶದಿಂದ ಬರುವ ವಿಶ್ವಕಿರಣಗಳಲ್ಲಿ ಹೆಚ್ಚಿನವು ಪ್ರೋಟಾನುಗಳೇ. ಅವು ಗಾಳಿಯ ಪರಮಾಣುಗಳ ಬೀಜಕ್ಕೆ ಬಡಿದಾಗ ಪಯಾನ್ ಎಂಬ ಕಣಗಳು ಸಿಡಿಯುತ್ತವೆ. ವಿದ್ಯುದಂಶವುಳ್ಳ ಪಯಾನುಗಳು ಒಡೆದು ಮ್ಯೂಆನ್, ನ್ಯೂಟ್ರಿನೊಗಳಾಗುತ್ತವೆ. ಅಂಗೈ ಚಾಚಿ ನಿಂತರೆ ಸುಮಾರು ಸೆಕೆಂಡಿಗೊಂದು ಮ್ಯೂಆನ್ ಅದರ ಮೂಲಕ ಹಾದುಹೋಗುತ್ತದೆ. ಕಳೆ ಕೀಳುವ ಕೈಯಾದರೂ ಸರಿ, ಸಹಿ ಹಾಕುವ ಕೈಯಾದರೂ ಸರಿ, ಅದಕ್ಕೆ ಭೇದವಿಲ್ಲ.

ಇದನ್ನು ಅಳೆದದ್ದೂ ದೂರದ ದೇಶದಲ್ಲಿ ಮಾತ್ರ ಅಲ್ಲ. ಮಡಕಶಿರಾದಿಂದ ಹೊರಟರೆ ಹಗಲು ಮುಗಿಯೋದರೊಳಗೆ ಮುಟ್ಟಬಹುದಾದ ಕೋಲಾರದ ಚಿನ್ನದ ಗಣಿಯಲ್ಲಿ, ನಂಜನಗೂಡಿನ ಬಿ.ವಿ. ಶ್ರೀಕಂಠನ್ ಮತ್ತು ಅವರ ಜೊತೆಯವರು 1950ರ ದಶಕದಲ್ಲೇ ಮ್ಯೂಆನುಗಳನ್ನು ಎಣಿಸುತ್ತಿದ್ದರು. ಆಳಕ್ಕೆ ಹೋದಂತೆ ಬಂಡೆ ಮ್ಯೂಆನುಗಳನ್ನು ತಡೆಯುತ್ತದೆ, ನ್ಯೂಟ್ರಿನೊವನ್ನು ತಡೆಯಲಾರದು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ, ಗಾಳಿಯಲ್ಲಿ ಹುಟ್ಟಿದ ನ್ಯೂಟ್ರಿನೊದ ಗುರುತು ಸಿಕ್ಕಿತು. ಮುಂಬೈನ ಟಾಟಾ ಸಂಸ್ಥೆ, ಇಂಗ್ಲೆಂಡಿನ ಡರ್ಹಮ್, ಜಪಾನಿನ ಒಸಾಕಾ, ಮೂರೂ ಕಡೆಯವರು ಕೂಡಿ ಮಾಡಿದ ಕೆಲಸ ಅದು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಇನ್ನೊಂದು ತಂಡಕ್ಕೂ ಸಿಕ್ಕಿತು. ಲೋಕದಲ್ಲಿ ಅದೇ ಮೊದಲು. ಕೋಲಾರದ ಚಿನ್ನದ ಕತೆ ನಮ್ಮ ಮಕ್ಕಳಿಗೆ ಗೊತ್ತು, ಈ ಕತೆ ಎಷ್ಟು ಮಕ್ಕಳಿಗೆ ಗೊತ್ತು?

ಈಗ ಒಳಗೆ ಹೋಗೋಣ. ಪ್ರೋಟಾನ್ ಅನ್ನೋದು ಗಟ್ಟಿ ಗುಂಡಲ್ಲ. ಅದರೊಳಗೆ ಕ್ವಾರ್ಕುಗಳಿವೆ, ಅವನ್ನು ಹಿಡಿದಿಟ್ಟ ಗ್ಲೂಆನುಗಳಿವೆ. ಅವುಗಳ ನಡುವಿನ ಬಲದ ಶಾಸ್ತ್ರಕ್ಕೆ ಕ್ವಾಂಟಂ ಕ್ರೋಮೋಡೈನಮಿಕ್ಸ್ ಅಂತ ಹೆಸರು, ಚುಟುಕಾಗಿ ಕ್ಯೂಸಿಡಿ. ಹೆಸರು ಉದ್ದ, ಆದರೆ ಸ್ವಭಾವ ದನ ಕಟ್ಟಿದವರಿಗೆಲ್ಲ ಗೊತ್ತಿರೋದೇ. ಎತ್ತು ಗೂಟದ ಹತ್ತಿರ ಇದ್ದಾಗ ಹಗ್ಗ ಸಡಿಲ, ದೂರ ಸರಿದಷ್ಟೂ ಬಿಗಿ. ಕ್ವಾರ್ಕುಗಳೂ ಹಾಗೇ. ಹತ್ತಿರದಲ್ಲಿದ್ದಾಗ ಹೆಚ್ಚು ಕಡಿಮೆ ಸ್ವತಂತ್ರ, ದೂರ ಎಳೆದರೆ ಬಿಗಿತ. ಇನ್ನೂ ಎಳೆದರೆ ಹಗ್ಗ ಹರೀತದೆ. ಆದರೆ ಹರಿದ ಹಗ್ಗದ ತುಂಡಿಗೂ ಎರಡು ತುದಿ ಇದ್ದೇ ಇರುತ್ತವೆ. ಒಂದೇ ತುದಿಯ ಹಗ್ಗ ಯಾವ ಸಂತೆಯಲ್ಲಿ ಸಿಗುತ್ತೆ ಹೇಳಿ? ಅದಕ್ಕೇ ಒಂಟಿ ಕ್ವಾರ್ಕ್ ಯಾರ ಕೈಗೂ ಸಿಕ್ಕಿಲ್ಲ. ಹರಿದಲ್ಲೆಲ್ಲ ಹೊಸ ಜೋಡಿ ಹುಟ್ಟಿ, ಒಂದೇ ದಿಕ್ಕಿಗೆ ಚಿಮ್ಮುವ ಕಣಗಳ ಗೊಂಚಲಾಗಿ ಹೊರಬರುತ್ತದೆ. ಇದಕ್ಕೆ ಜೆಟ್ ಅಂತಾರೆ. ಹತ್ತಿರದಲ್ಲಿ ಬಲ ಸಡಿಲ ಅನ್ನೋದನ್ನು 1973ರಲ್ಲಿ ಗ್ರಾಸ್, ವಿಲ್ಚೆಕ್, ಪೊಲಿಟ್ಜರ್ ಲೆಕ್ಕ ಮಾಡಿ ತೋರಿಸಿದರು. 2004ರಲ್ಲಿ ನೊಬೆಲ್ ಬಂತು.

ಇನ್ನು ಲೆಕ್ಕದ ವಿಷಯ. ಇಂಗ್ಲಿಷಿನಲ್ಲಿ ಇದನ್ನು ಪರ್ಟರ್ಬೇಷನ್ ಅಂತಾರೆ. ಕೇಳಿದರೆ ಹೆದರಿಕೆ ಆಗುತ್ತೆ, ಆದರೆ ಮಂಡಿಯಲ್ಲಿ ಶೇಂಗಾ ತೂಗುವವನು ಮಾಡೋದೂ ಇದೇ. ಮೊದಲು ಮೂಟೆಗಳ ಒಟ್ಟು ತೂಕ. ಆಮೇಲೆ ತೇವಕ್ಕೆ ಇಷ್ಟು ಕಡಿ, ಆಮೇಲೆ ಜೊಳ್ಳಿಗೆ ಇಷ್ಟು, ಕೊನೆಗೆ ಮಣ್ಣಿಗೆ ಇಷ್ಟು. ಒಂದೊಂದು ತಿದ್ದುಪಡಿಯೂ ಹಿಂದಿನದಕ್ಕಿಂತ ಸಣ್ಣದಾದರೆ ಎರಡು ಮೂರು ತಿದ್ದುಪಡಿಗೇ ನಿಜದ ಹತ್ತಿರ ಬರುತ್ತೀವಿ. ಕ್ಯೂಸಿಡಿಯಲ್ಲಿ ತಿದ್ದುಪಡಿಯ ಅಳತೆ ಆ ಬಲದ ಅಂಕೆ. ಝಡ್ ಬೋಸಾನಿನ ಮಟ್ಟದ ಶಕ್ತಿಯಲ್ಲಿ ಅದು ಸುಮಾರು 0.118. ಅದರ ವರ್ಗ 0.014, ಘನ 0.0016. ಜೊತೆಗೆ ಬರುವ ಗುಣಕಗಳು ಬೇರೆ ಇವೆ, ಆದರೂ ಇಳಿಯೋ ರೀತಿ ಕಾಣ್ತದಲ್ಲ?

ಎಲ್ಲ ಡಿಕ್ಕಿಗೂ ಇದು ನಡೆಯಲ್ಲ. ಮಳೆ ಕೈಕೊಟ್ಟ ವರ್ಷ ಬೀಜಕ್ಕಿಂತ ಜೊಳ್ಳೇ ಹೆಚ್ಚಾದರೆ ಮೂಟೆಯ ಲೆಕ್ಕದಿಂದ ಏನು ಪ್ರಯೋಜನ? ಮೆಲ್ಲಗೆ ತಾಗುವ ಡಿಕ್ಕಿಗಳಲ್ಲಿ ಬಲದ ಅಂಕೆ ಒಂದರ ಹತ್ತಿರ ಹೋಗುತ್ತದೆ. ಆಗ ತಿದ್ದುಪಡಿಗಳು ಸಣ್ಣದಾಗೋದೇ ಇಲ್ಲ. ಪ್ರೋಟಾನ್ ಡಿಕ್ಕಿಯಲ್ಲಿ ಹುಟ್ಟುವ ಕಣಗಳಲ್ಲಿ ಬಹುಪಾಲು ಇಂಥ ಮೆಲ್ಲನೆಯ ಪಯಾನುಗಳೇ. ಅವುಗಳಿಗೆ ಅಳತೆ ಮಾಡಿ ಕಟ್ಟಿದ ಮಾದರಿಗಳೇ ಗತಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1995ರಿಂದ ಕೆಲಸ ಮಾಡಿದ ರೋಹಿಣಿ ಗೋಡಬೋಲೆ (1952–2024) ಈ ಗಡಿಯಲ್ಲೇ ನಿಂತು ದುಡಿದವರು. ಶಕ್ತಿ ಏರಿದಂತೆ ಎರಡು ಪ್ರೋಟಾನುಗಳು ಡಿಕ್ಕಿಯಾಗುವ ಸಂಭವವೂ ಏರುತ್ತದೆ. ಒಳಗಿನ ಗ್ಲೂಆನುಗಳು ಒಂದಕ್ಕೊಂದು ಬಡಿದು ಸಣ್ಣ ಜೆಟ್ಟುಗಳಾಗೋದೇ ಇದಕ್ಕೆ ಕಾರಣ ಅಂತ ತಿದ್ದುಪಡಿ ಲೆಕ್ಕ ಹಾಕಿದರೆ, ಉತ್ತರ ಅಳತೆಯನ್ನು ಮೀರಿ ಓಡುತ್ತದೆ. ಡಿಕ್ಕಿಗೆ ಮುಂಚೆ ಚದುರಿಹೋಗುವ ಸಣ್ಣ ಶಕ್ತಿಯ ಗ್ಲೂಆನುಗಳನ್ನೂ ಎಣಿಸಿ, ಆ ಓಟಕ್ಕೆ ಕಡಿವಾಣ ಹಾಕುವ ದಾರಿಯನ್ನು ಅವರು ಹೊರದೇಶದ ಜೊತೆಗಾರರೊಂದಿಗೆ ಹುಡುಕಿದರು. ಲೆಕ್ಕ ತಪ್ಪಿದ ಜಾಗವನ್ನು ಮುಚ್ಚಿಡಲಿಲ್ಲ, ಅಲ್ಲೇ ಕೂತು ಕೆಲಸ ಮಾಡಿದರು.

ಇಲ್ಲಿ ಇನ್ನೊಂದು ಗುಂಪಿಗೂ ಉತ್ತರ ಐತೆ. "ಇದೆಲ್ಲ ನಮ್ಮ ಹಿರೀಕರಿಗೆ ಮೊದಲೇ ಗೊತ್ತಿತ್ತು" ಅಂತ ಮೈಕಿನಲ್ಲಿ ಕೂಗುವ ಗುಂಪದು. ಸ್ವಾಮಿ, ಗೊತ್ತಿತ್ತು ಅನ್ನೋದಾದರೆ ಅಂಕೆ ಕೊಡಿ. ಎಷ್ಟು ತಪ್ಪಿರಬಹುದು ಅನ್ನೋದನ್ನೂ ಕೊಡಿ. 0.118 ಅಂತ ಬರೆಯುವವನು ಪಕ್ಕದಲ್ಲಿ ಇಷ್ಟು ಹೆಚ್ಚು ಕಡಿಮೆ ಅಂತಲೂ ಬರೀತಾನೆ. ನೀವು ಬರೆದಿದ್ದೀರಾ?

"ಇದರಿಂದ ಹೊಟ್ಟೆ ತುಂಬುತ್ತಾ?" ಅಂತ ಕೇಳೋರಿಗೆ ಎರಡೇ ಮಾತು. ಫೋನಿನಲ್ಲಿ ದಿನಾ ನೋಡುವ ವೆಬ್ಬು 1989ರಲ್ಲಿ ಹೊಳೆದದ್ದು ಜಿನೀವಾದ ಇದೇ ಸರ್ನ್ ಪ್ರಯೋಗಾಲಯದಲ್ಲಿ. ಅಲ್ಲಿಯ 27 ಕಿಲೋಮೀಟರ್ ಸುತ್ತಳತೆಯ ಯಂತ್ರದಲ್ಲಿ ಭಾರಿ ಕಾಂತಗಳನ್ನು ಹೊತ್ತು ನಿಂತಿರುವ ಸಾವಿರಾರು ಜಾಕುಗಳು ಭಾರತದಲ್ಲೇ ತಯಾರಾದವು. 2017ರಿಂದ ಭಾರತ ಅಲ್ಲಿ ಸಹಸದಸ್ಯ ದೇಶ, ಅಂದರೆ ನಮ್ಮ ತೆರಿಗೆ ಹಣವೂ ಅಲ್ಲಿ ಐತೆ. ಹಣ ಕೊಟ್ಟವನಿಗೆ ವಿಷಯ ಕೇಳುವ ಹಕ್ಕಿಲ್ಲವಾ, ಅವನ ಮಾತಿನಲ್ಲೇ?

ಮತ್ತೆ ಭಾಷೆಗೇ ಬರ್ತೀನಿ. ಮೇಲೆ ಹೇಳಿದ್ದರಲ್ಲಿ ಯಾವ ಮಾತು ಕನ್ನಡಕ್ಕೆ ಒಗ್ಗಲಿಲ್ಲ? ಕ್ವಾರ್ಕ್ ಹಾಗೇ ಬಂತು, ಬಸ್ಸು ಬಂದ ಹಾಗೆ. ಹಗ್ಗ ನಮ್ಮದು, ಜೊಳ್ಳು ನಮ್ಮದು. ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲೇ 'ವಿಜ್ಞಾನ' ಪತ್ರಿಕೆ ತಂದರು. ಕಾರಂತರು ಒಬ್ಬರೇ ಕೂತು 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟ ಬರೆದರು. ಕನ್ನಡಕ್ಕೆ ಆಗಲ್ಲ ಅನ್ನೋದು ನೂರು ವರ್ಷದ ಹಿಂದೆಯೇ ಮುಗಿದ ವಾದ. ಅದನ್ನು ಈಗ ಬದುಕಿಸಿರೋರು ಭಾಷೆ ಬಲ್ಲವರಲ್ಲ, ಕೆಲಸ ತಪ್ಪಿಸಿಕೊಳ್ಳುವವರು.

ಗಡಿಯಲ್ಲಿ ಈ ಸುಳ್ಳಿಗೆ ಬೆಲೆ ಹೆಚ್ಚು. 1953ರಲ್ಲಿ ಬಳ್ಳಾರಿ ಜಿಲ್ಲೆ ಹಂಚಿಹೋದಾಗ ರಾಯದುರ್ಗ ಆಂಧ್ರದಲ್ಲಿ ಉಳೀತು. ಮಡಕಶಿರಾ ಮೊದಲಿಂದಲೂ ಇತ್ತ ಕಡೆಯೇ, ಈಗ 2022ರಿಂದ ಜಿಲ್ಲೆಯ ಹೆಸರೂ ಬೇರೆ. ಅಲ್ಲಿಯೋರಿಗೆ ನಾವು ಆ ಕಡೆಯೋರು, ಆ ಕಡೆಯೋರಿಗೆ ನಾವು ಇಲ್ಲಿಯೋರು. 2019ರ ನವೆಂಬರಿನಲ್ಲಿ ಆಂಧ್ರ ಸರ್ಕಾರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನೇ ಕಡ್ಡಾಯ ಮಾಡಲು ಆದೇಶ ಹೊರಡಿಸಿತು. 2020ರ ಏಪ್ರಿಲಿನಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಆದೇಶ ಬಿತ್ತು, ಅದರ ಹಿಂದಿದ್ದ ನಂಬಿಕೆ ಬೀಳಲಿಲ್ಲ. ಆ ನಂಬಿಕೆ ತಾಯಿ ತಂದೆಯರ ಮನಸ್ಸಿನಲ್ಲಿ ಕೂತಿರುವ ತನಕ ಕನ್ನಡ ಶಾಲೆಯ ಬಾಗಿಲು ಒಂದೊಂದಾಗಿ ಮುಚ್ಚುತ್ತದೆ. ಹುಡುಗ ಇಂಗ್ಲಿಷ್ ಕಲಿಯಲಿ, ಚೆನ್ನಾಗಿ ಕಲಿಯಲಿ. ಆದರೆ "ನಿನ್ನ ಅವ್ವ ಆಡೋ ಮಾತಿಗೆ ಬುದ್ಧಿ ಸಾಲದು" ಅಂತ ಹೇಳಿ ಕಲಿಸಬೇಡಿ.

ನವೆಂಬರ್ ಬಂದರೆ ಗಡಿಗೆ ಬಾವುಟ ಬರುತ್ತೆ, ಶಾಲು ಬರುತ್ತೆ, ಭಾಷಣ ಬರುತ್ತೆ. ಬೇಡ ಅನ್ನಲ್ಲ. ಅದರ ಜೊತೆ ಒಂದು ಪೆಟ್ಟಿಗೆ ವಿಜ್ಞಾನದ ಪುಸ್ತಕ ಬರಲಿ. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇಲ್ಲಿಯ ವಾಚನಾಲಯಗಳಿಗೆ ಅದನ್ನು ಕಳಿಸಲಿ. ಪಕ್ಕದ ಚಳ್ಳಕೆರೆ ತಾಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತದೆ. ನಮ್ಮ ಕನ್ನಡ ಶಾಲೆಯ ಮೇಷ್ಟ್ರುಗಳಿಗೂ ಅಲ್ಲಿ ಜಾಗ ಸಿಗುವಂತೆ ಎರಡೂ ಸರ್ಕಾರ ಕೂತು ಮಾತಾಡಲಿ. ಓದಿ ಬೆಂಗಳೂರು, ಹೈದರಾಬಾದು ಸೇರಿದ ನಮ್ಮೂರಿನ ಮಕ್ಕಳು ವರ್ಷಕ್ಕೆ ಒಂದು ಲೇಖನವನ್ನಾದರೂ ತಾವು ಮಾಡುವ ಕೆಲಸದ ಬಗ್ಗೆ ಕನ್ನಡದಲ್ಲಿ ಬರೆದು ಈ ವಾಚನಾಲಯಕ್ಕೆ ಕಳಿಸಲಿ. ಅಚ್ಚು ಹಾಕಿಸೋದು ನಮ್ಮ ಜವಾಬ್ದಾರಿ.