ಹದಿನೈದು ಪಂದ್ಯಗಳ ಲೆಕ್ಕ

ಮಕ್ಕಳೇ, ಮೊದಲು ಒಂದು ಬಾಯಿಲೆಕ್ಕ. ಹೋಬಳಿ ಕ್ರೀಡಾಕೂಟಕ್ಕೆ 16 ಹೈಸ್ಕೂಲುಗಳ ಕಬಡ್ಡಿ ತಂಡಗಳು ಬಂದಿವೆ ಎಂದಿಟ್ಟುಕೊಳ್ಳಿ. ಗೆದ್ದವರು ಮುಂದಿನ ಸುತ್ತಿಗೆ, ಸೋತವರು ಮನೆಗೆ. ಒಟ್ಟು ಎಷ್ಟು ಪಂದ್ಯ ನಡೆಯಬೇಕು? ಪ್ರತಿ ಪಂದ್ಯಕ್ಕೂ ಒಂದು ತಂಡ ಹೊರಬೀಳುತ್ತದೆ, ಕೊನೆಗೆ ಉಳಿಯುವುದು ಒಂದೇ. ಹೊರಬೀಳಬೇಕಾದ ತಂಡಗಳು 15. ಆದ್ದರಿಂದ ಪಂದ್ಯಗಳೂ 15!

ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ಮುದುಕನಾದವನಿಗೆ ಜಮೆಯ ಜೊತೆ ಖರ್ಚನ್ನೂ ನೋಡುವ ಅಭ್ಯಾಸ. ಆ 16ರಲ್ಲಿ 8 ತಂಡಗಳು ಒಂದೇ ಪಂದ್ಯ ಆಡಿ ಹಿಂತಿರುಗುತ್ತವೆ. ಅಂಕಣಕ್ಕಿಳಿಯುವವರು ತಂಡಕ್ಕೆ 7 ಜನ. ಅಂದರೆ 56 ಮಕ್ಕಳು ವಾರಗಟ್ಟಲೆ ಅಭ್ಯಾಸ ಮಾಡಿ ಆಡಿದ್ದು ಒಂದೇ ಆಟ. ಮತ್ತೆ ಅವಕಾಶ ಬರುವ ವರ್ಷ. ಹತ್ತನೇ ತರಗತಿಯವರಿಗೆ ಅದೂ ಇಲ್ಲ.

ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಏಣಿ ಬೇಡವೆಂದು ನಾನು ಹೇಳುವುದಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯಿಂದ ಅಷ್ಟು ಎತ್ತರ ಏರಲು ಸಾಧ್ಯ. ಆದರೆ ಏಣಿ ಇರುವುದು ಉತ್ತಮರನ್ನು ಆರಿಸಲು, ಎಲ್ಲರನ್ನೂ ಆಡಿಸಲು ಅಲ್ಲ.

ಅಮೆರಿಕದ ಹಳ್ಳಿಗಾಡಿನ ಹೈಸ್ಕೂಲುಗಳು ಇದಕ್ಕೊಂದು ದಾರಿ ಕಂಡುಕೊಂಡಿವೆ. ಸುತ್ತಮುತ್ತಲಿನ, ಹೆಚ್ಚುಕಡಿಮೆ ಒಂದೇ ಅಳತೆಯ ಶಾಲೆಗಳು ಸೇರಿ ‘ಕಾನ್ಫರೆನ್ಸ್’ ಎಂಬ ಕೂಟ ಕಟ್ಟಿಕೊಂಡು ತಮ್ಮತಮ್ಮಲ್ಲೇ ಆಡುತ್ತವೆ. ಈ ವಾರ ಸೋತವರಿಗೆ ಮುಂದಿನ ವಾರವೂ ಪಂದ್ಯವಿರುತ್ತದೆ. ರಾಜ್ಯಮಟ್ಟದ ಸ್ಪರ್ಧೆ ಬೇರೆ. ಮಕ್ಕಳು ಕಡಿಮೆಯಿದ್ದರೆ ಆಟವನ್ನೇ ಚಿಕ್ಕದು ಮಾಡಿಕೊಳ್ಳುವುದೂ ಉಂಟು. ಅವರ ಫುಟ್‌ಬಾಲ್‌ಗೆ 11 ಜನ ಬೇಕು. ಅಷ್ಟು ಹುಡುಗರಿಲ್ಲದ ಶಾಲೆಗಳಿಗಾಗಿ ನೆಬ್ರಾಸ್ಕ ರಾಜ್ಯದ ಸ್ಟೀಫನ್ ಎಪ್ಲರ್ ಎಂಬ ಮೇಷ್ಟ್ರು 1934ರಲ್ಲಿ 6 ಜನರ ಆಟ ರೂಪಿಸಿದರು. ಅದು ಇಂದಿಗೂ ನಡೆಯುತ್ತಿದೆ.

ಈಗ ಎರಡನೇ ಲೆಕ್ಕ. 6 ಶಾಲೆಗಳು ಒಂದರ ಜೊತೆ ಒಂದು ಆಡಿದರೆ? ಆರೈದಲ ಮೂವತ್ತು, ಅದರಲ್ಲಿ ಅರ್ಧ 15. ಮತ್ತೆ ಅದೇ 15! ಆದರೆ ಈ ಸಲ ಪ್ರತಿ ತಂಡಕ್ಕೂ 5 ಪಂದ್ಯ. ನಮ್ಮ 16 ಶಾಲೆಗಳನ್ನು 6, 5, 5ರಂತೆ ಮೂರು ಗುಂಪು ಮಾಡಿ. ಮಧ್ಯಾಹ್ನದ ಹೊತ್ತಿಗೆ ಶಾಲೆ ಬಿಡುವ ಶನಿವಾರಗಳು ಐದು ಸಿಕ್ಕರೆ ಎಲ್ಲ ಮುಗಿಯುತ್ತದೆ. ಪಕ್ಕದೂರಿನಲ್ಲಿ ಆಡಿ ದೀಪ ಹಚ್ಚುವ ಮೊದಲೇ ಮನೆ ಸೇರಬಹುದು. ಹೆಣ್ಣುಮಗುವನ್ನು ದೂರದ ತಾಲ್ಲೂಕು ಕೇಂದ್ರಕ್ಕೆ ಕಳಿಸಲು ಹಿಂಜರಿಯುವ ಮನೆಯವರೂ ಇದಕ್ಕೆ ಒಪ್ಪಿಯಾರು.

ಅಜ್ಜ-ಅಜ್ಜಿಯರೇ, ಇದಕ್ಕೆ ದೊಡ್ಡ ಬಜೆಟ್ ಬೇಡ. ಗೆರೆ ಎಳೆಯಲು ಸುಣ್ಣದ ಪುಡಿ, ಒಂದು ಸೀಟಿ, ಒಂದು ಬಿಂದಿಗೆ ನಿಂಬೆ ಪಾನಕ. ದೈಹಿಕ ಶಿಕ್ಷಕರಿಲ್ಲದ ಶಾಲೆಗಳೂ ಇವೆ. ಹರೆಯದಲ್ಲಿ ಕಬಡ್ಡಿ ಆಡಿದವರು ನಮ್ಮಲ್ಲಿ ಎಷ್ಟು ಜನರಿಲ್ಲ? ಅಂಕ ಬರೆಯಲು ನಮ್ಮಂಥವರು ಸಾಕು. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಒಂದು ಮಾತು ಎತ್ತಿ ನೋಡಿ.

ಮಕ್ಕಳೇ, ನಿಮಗೆ ಮನೆಗೆಲಸ: ಮೂರೂ ಗುಂಪು ಸೇರಿ ಒಟ್ಟು ಎಷ್ಟು ಪಂದ್ಯ? ಲೆಕ್ಕ ಮಾಡಿ ತಾತನಿಗೆ ತೋರಿಸಿ. 35 ಬಂದರೆ ಸರಿ.